ಹದಿನೆಂಟರ ವೇಗಿಗೆ ಬೆಲೆ ಕಟ್ಟಿದವರ ಲೆಕ್ಕ ಎಲ್ಲಿ ತಪ್ಪಿತು?

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು, ಪೀಣ್ಯದ ಕಾರ್ಖಾನೆಗಳನ್ನು ದಾಟಿ ನೆಲಮಂಗಲದ ಕಡೆ ಹೊರಟರೆ ಹೆದ್ದಾರಿಯಿಂದ ಸ್ವಲ್ಪ ಒಳಗೆ ಆಲೂರು ಇದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ, ಅಂದರೆ ಕೆಎಸ್‌ಸಿಎಯ ಮೈದಾನಗಳು ಇಲ್ಲಿವೆ. 2023ರ ಆಗಸ್ಟ್‌ನಲ್ಲಿ ಏಷ್ಯಾ ಕಪ್‌ಗೆ ಮುಂಚೆ ರೋಹಿತ್ ಶರ್ಮಾ ಅವರ ಭಾರತ ತಂಡ ಶಿಬಿರ ಹೂಡಿದ್ದು ಇದೇ ಊರಲ್ಲಿ. ಉಳಿದ ದಿನಗಳಲ್ಲಿ ಇಲ್ಲಿ ಆಡುವವರಲ್ಲಿ ಹೆಚ್ಚಿನವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಅವರಲ್ಲಿ ಹದಿನಾರು, ಹದಿನೇಳು, ಹದಿನೆಂಟರ ವೇಗದ ಬೌಲರ್‌ಗಳೂ ಇರುತ್ತಾರೆ. ಬೌಂಡರಿ ಆಚೆ ಕುಳಿತವರು ಒಬ್ಬನನ್ನು ಇನ್ನೊಬ್ಬನ ಜೊತೆ ತೂಗಿ ನೋಡುತ್ತಾರೆ. ಇವನು ಎತ್ತರ, ಅವನಿಗೆ ವೇಗ, ಇವನ ಚೆಂಡು ಹೊರಗೆ ಹೋಗುತ್ತದೆ, ಅವನ ಮಣಿಕಟ್ಟು ಚೆನ್ನಾಗಿದೆ, ಹೀಗೆ.

ಊರಲ್ಲಿ ಒಬ್ಬ ಹುಡುಗ ಜೋರಾಗಿ ಬೌಲ್ ಮಾಡಿದರೆ ಸಾಕು, ಬೆಂಗಳೂರಿಗೆ ಕಳಿಸಬೇಕಾ, ಯಾವ ಅಕಾಡೆಮಿಗೆ ಸೇರಿಸಬೇಕು, ಎಷ್ಟು ಖರ್ಚು ಎಂಬ ಮಾತು ಶುರುವಾಗುತ್ತದೆ. ಹಸು ಮಾರಿ, ಒಡವೆ ಅಡವಿಟ್ಟು ಮಗನನ್ನು ಕಳಿಸುವ ಯೋಚನೆಯೂ ಬರುತ್ತದೆ. ಹೀಗಾಗಿ ಹದಿನೆಂಟರೊಳಗಿನ ವೇಗಿಯನ್ನು ತೂಗಿ ನೋಡುವವರ ಲೆಕ್ಕ ಎಷ್ಟು ಸರಿ ಬಂದಿದೆ, ಎಲ್ಲಿ ತಪ್ಪಿದೆ ಎಂಬುದನ್ನು ಇತಿಹಾಸದಲ್ಲಿ ಹುಡುಕಲು ಹೊರಟೆವು.

ಅರಸೀಕೆರೆ ಕಡೆಯ ಎರಡು ಹೆಸರು

ತೊಂಬತ್ತರ ದಶಕದಿಂದ ಶುರುಮಾಡೋಣ. ಆಗ ಐಪಿಎಲ್ ಇರಲಿಲ್ಲ, ಹರಾಜೂ ಇರಲಿಲ್ಲ. ಆದರೆ ಕರ್ನಾಟಕದ ಬಳಿ ಒಂದೇ ಹೊತ್ತಿನಲ್ಲಿ ನಾಲ್ವರು ವೇಗಿಗಳಿದ್ದರು: ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಡೇವಿಡ್ ಜಾನ್ಸನ್, ದೊಡ್ಡ ಗಣೇಶ್. ನಾಲ್ವರೂ ಭಾರತಕ್ಕೆ ಟೆಸ್ಟ್ ಆಡಿದರು.

ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ. ಅವರ ಹೆಸರಿನ ಮೊದಲಿಗಿರುವ ಜಾವಗಲ್ ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಊರು. ಜಾನ್ಸನ್ ಹುಟ್ಟಿದ್ದೇ ಅರಸೀಕೆರೆಯಲ್ಲಿ. 1989-90ರಲ್ಲಿ ಶ್ರೀನಾಥ್ ಹೈದರಾಬಾದ್ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. ಜಾನ್ಸನ್ 1995-96ರ ರಣಜಿಯಲ್ಲಿ ಕೇರಳದ ವಿರುದ್ಧ 152 ರನ್ನಿಗೆ 10 ವಿಕೆಟ್ ಕಿತ್ತರು. ಆಗ ದೇಶದಲ್ಲಿದ್ದ ಅತಿ ವೇಗದ ಬೌಲರ್‌ಗಳಲ್ಲಿ ಅವರೂ ಒಬ್ಬರು. 1996ರ ಅಕ್ಟೋಬರ್‌ನಲ್ಲಿ ಶ್ರೀನಾಥ್ ಗಾಯಗೊಂಡಿದ್ದಾಗ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಜಾನ್ಸನ್‌ಗೆ ಟೆಸ್ಟ್ ಕ್ಯಾಪ್ ಸಿಕ್ಕಿತು.

ಬರೀ ವೇಗದಿಂದ ಅಳೆದಿದ್ದರೆ ಜಾನ್ಸನ್ ಮುಂದೆ ಪ್ರಸಾದ್ ನಿಲ್ಲುತ್ತಿರಲಿಲ್ಲ. ಪ್ರಸಾದ್ ಅವರದು ಮಧ್ಯಮ ವೇಗ. ಅವರ ಬಂಡವಾಳ ಲೆಗ್ ಕಟರ್ ಮತ್ತು ನಿಧಾನದ ಚೆಂಡು. ಆದರೆ ಕೊನೆಗೆ ಸಿಕ್ಕ ಲೆಕ್ಕ ಬೇರೆ. ಜಾನ್ಸನ್ 2 ಟೆಸ್ಟ್‌ಗಳಲ್ಲಿ 3 ವಿಕೆಟ್ ಪಡೆದು ನಿಂತರು. ಪ್ರಸಾದ್ 33 ಟೆಸ್ಟ್‌ಗಳಲ್ಲಿ 96, ಏಕದಿನ ಪಂದ್ಯಗಳಲ್ಲಿ 196 ವಿಕೆಟ್ ಪಡೆದರು. ಶ್ರೀನಾಥ್ 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್‌ಗಳವರೆಗೆ ಹೋದರು.

ದೊಡ್ಡ ಗಣೇಶ್ ಅವರದು ಇನ್ನೊಂದು ಬಗೆ. 4 ಟೆಸ್ಟ್‌ಗಳಲ್ಲಿ ಅವರಿಗೆ ಸಿಕ್ಕಿದ್ದು 5 ವಿಕೆಟ್. ಅಷ್ಟನ್ನೇ ನೋಡಿದವರು ಅವರನ್ನು ಮರೆತುಬಿಡಬಹುದು. ಆದರೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ವಿಕೆಟ್‌ಗಳು 365. ಆ ದಶಕದಲ್ಲಿ ಕರ್ನಾಟಕ 1995-96, 1997-98, 1998-99ರಲ್ಲಿ ಮೂರು ಬಾರಿ ರಣಜಿ ಗೆದ್ದಿತು. ದೊಡ್ಡವರು ಭಾರತ ತಂಡದಲ್ಲಿದ್ದಾಗ ಊರಲ್ಲಿ ಉಳಿದು ದಿನವಿಡೀ ಬೌಲ್ ಮಾಡುವವರು ಇಲ್ಲದಿದ್ದರೆ ಆ ಗೆಲುವು ಬರುತ್ತಿರಲಿಲ್ಲ.

ಕಾರ್ಖಾನೆಗಳ ಕಾಲ

ಆ ಕಾಲದ ಹುಡುಗನಿಗೆ ಎರಡನೆಯ ಅವಕಾಶ ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ನೋಡಬೇಕು. ಬೆಂಗಳೂರಿನ ಹೊರವಲಯಕ್ಕೂ ಅದಕ್ಕೂ ಸಂಬಂಧವಿದೆ.

1940ರಲ್ಲಿ ಎಚ್‌ಎಎಲ್, 1948ರಲ್ಲಿ ವೈಟ್‌ಫೀಲ್ಡ್ ದಾರಿಯ ದೂರವಾಣಿನಗರದಲ್ಲಿ ಐಟಿಐ, 1953ರಲ್ಲಿ ಪೀಣ್ಯ ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಈ ಸರಕಾರಿ ಕಾರ್ಖಾನೆಗಳು ಕಾಲೊನಿ ಕಟ್ಟಿದವು, ಶಾಲೆ ಕಟ್ಟಿದವು, ಆಟದ ಬಯಲು ಬಿಟ್ಟವು. ಕ್ರೀಡಾ ಕೋಟಾದಲ್ಲಿ ಆಟಗಾರರಿಗೆ ಕೆಲಸ ಕೊಟ್ಟವು. ಐಟಿಐ, ಎಚ್‌ಎಎಲ್ ಫುಟ್‌ಬಾಲ್ ತಂಡಗಳ ಹೆಸರನ್ನು ಹಳಬರು ಇಂದಿಗೂ ಹೇಳುತ್ತಾರೆ. ಬ್ಯಾಂಕುಗಳೂ ಇದೇ ರೀತಿ ಕ್ರಿಕೆಟಿಗರನ್ನು ಸಾಕಿದವು.

ಈ ಏರ್ಪಾಡಿನಿಂದ ಒಂದು ಅನುಕೂಲವಿತ್ತು. ಹದಿನೆಂಟಕ್ಕೆ ರಾಜ್ಯ ತಂಡಕ್ಕೆ ಆಯ್ಕೆಯಾಗದ ಹುಡುಗ ಆಟ ಬಿಡಬೇಕಿರಲಿಲ್ಲ. ಬೆಳಿಗ್ಗೆ ಕೆಲಸ, ಸಂಜೆ ಅಭ್ಯಾಸ, ವಾರದ ಕೊನೆಗೆ ಲೀಗ್ ಪಂದ್ಯ. ಇಪ್ಪತ್ತಮೂರು, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ದೇಹ ಗಟ್ಟಿಯಾದ ಮೇಲೆ ಮತ್ತೊಮ್ಮೆ ಆಯ್ಕೆದಾರರ ಕಣ್ಣಿಗೆ ಬೀಳಬಹುದಿತ್ತು. ತಿಂಗಳ ಸಂಬಳ ಬರುತ್ತಿದ್ದರಿಂದ ಮನೆಯವರೂ ಆಟ ಬಿಡು ಎನ್ನುತ್ತಿರಲಿಲ್ಲ.

ಮುಂದೆ ಹೊರವಲಯದ ರೂಪ ಬದಲಾಯಿತು. 1978ರಲ್ಲಿ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಭಾಗದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಸಿದ್ಧಮಾಡಿತು. ತೊಂಬತ್ತರ ಕೊನೆಗೆ ವೈಟ್‌ಫೀಲ್ಡ್‌ನಲ್ಲಿ ಐಟಿ ಪಾರ್ಕ್ ಎದ್ದಿತು. ಇತ್ತ ಹಳೆಯ ಕಾರ್ಖಾನೆಗಳು ಸೊರಗಿದವು. ಎಚ್‌ಎಂಟಿ ವಾಚ್ ಘಟಕಗಳನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹೊಸ ಕಂಪನಿಗಳಲ್ಲೂ ಕ್ರಿಕೆಟ್ ಇದೆ. ಆದರೆ ಅಲ್ಲಿ ಕೆಲಸದಲ್ಲಿರುವವರು ಬಿಡುವಿನಲ್ಲಿ ಆಡುತ್ತಾರೆ. ಆಟಗಾರ ಎಂಬ ಕಾರಣಕ್ಕೆ ಹಳ್ಳಿಯ ಹುಡುಗನನ್ನು ಕೆಲಸಕ್ಕೆ ಕರೆದುಕೊಳ್ಳುವ ಪದ್ಧತಿ ಅಲ್ಲಿ ಬೆಳೆಯಲಿಲ್ಲ. ಹೀಗೆ ನಡುವಿನ ಮೆಟ್ಟಿಲು ಸವೆಯುತ್ತಿದ್ದ ಹೊತ್ತಿಗೆ, 2008ರಲ್ಲಿ, ಹರಾಜು ಬಂತು.

ದಾವಣಗೆರೆಯವರು ಮತ್ತು ಡಿಸ್ಕಸ್ ಎಸೆಯುತ್ತಿದ್ದವರು

ಹರಾಜಿನ ಆರಂಭದ ದಿನಗಳ ಇಬ್ಬರು ಕನ್ನಡಿಗರನ್ನು ನೋಡಿ.

ವಿನಯ್ ಕುಮಾರ್ ದಾವಣಗೆರೆಯವರು. ಭಾರಿ ವೇಗವಿಲ್ಲ, ಭಾರಿ ಎತ್ತರವಿಲ್ಲ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಒಂದೇ ಟೆಸ್ಟ್‌ನಲ್ಲಿ ಒಂದು ವಿಕೆಟ್ ಸಿಕ್ಕಿತು. ಆ ಪಂದ್ಯದ ಬಳಿಕ ಅವರ ವೇಗದ ಬಗ್ಗೆ ನಕ್ಕವರಿದ್ದರು. ಆದರೆ ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಎರಡು ವರ್ಷ ಸತತವಾಗಿ ಗೆದ್ದಿತು. ಪ್ರಥಮ ದರ್ಜೆಯಲ್ಲಿ ಅವರ ಒಟ್ಟು ವಿಕೆಟ್ 504.

ಅಭಿಮನ್ಯು ಮಿಥುನ್ ಶಾಲೆಯಲ್ಲಿ ಡಿಸ್ಕಸ್ ಎಸೆಯುತ್ತಿದ್ದವರು. ಹದಿನೇಳನೇ ವಯಸ್ಸಿನವರೆಗೆ ಲೆದರ್ ಚೆಂಡಿನಲ್ಲಿ ಬೌಲ್ ಮಾಡಿರಲಿಲ್ಲ. ಹದಿನಾರಕ್ಕೇ ಪಟ್ಟಿ ಮಾಡಿ ಮುಗಿಸಿದ್ದರೆ ಅವರ ಹೆಸರು ಅದರಲ್ಲಿ ಇರುತ್ತಲೇ ಇರಲಿಲ್ಲ. 2009ರಲ್ಲಿ ಆರ್‌ಸಿಬಿಗೆ ಆಡಿದರು. ಅದೇ ವರ್ಷ ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲಿ ಹ್ಯಾಟ್ರಿಕ್ ಸೇರಿ 11 ವಿಕೆಟ್ ಪಡೆದರು. ಆ ಋತುವಿನಲ್ಲಿ ಅವರ ವಿಕೆಟ್‌ಗಳು 47. 2010ರ ಜುಲೈಯಲ್ಲಿ ಗಾಲೆಯಲ್ಲಿ ಟೆಸ್ಟ್ ಆಡಿದರು. ಹತ್ತು ವರ್ಷಗಳ ನಂತರವೂ ಅವರ ತೋಳು ದಣಿದಿರಲಿಲ್ಲ. 2019ರ ಅಕ್ಟೋಬರ್ 25ರಂದು, ತಮ್ಮ ಮೂವತ್ತನೇ ಹುಟ್ಟುಹಬ್ಬದ ದಿನ, ವಿಜಯ್ ಹಜಾರೆ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಹ್ಯಾಟ್ರಿಕ್ ಪಡೆದರು.

2018ರ ಜನವರಿ: ನಾಲ್ಕು ಹುಡುಗರು, ಒಂದು ಹರಾಜು

ಹದಿನೆಂಟರ ವೇಗಿಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಬೆಲೆ ಕಟ್ಟಿದ ದೊಡ್ಡ ಪ್ರಸಂಗ ನಡೆದಿದ್ದು ಬೆಂಗಳೂರಲ್ಲೇ.

2018ರ ಜನವರಿ 27 ಮತ್ತು 28ರಂದು ಬೆಂಗಳೂರಿನ ಹೋಟೆಲೊಂದರಲ್ಲಿ ಐಪಿಎಲ್ ಹರಾಜು. ಅದೇ ಹೊತ್ತಿಗೆ ನ್ಯೂಜಿಲೆಂಡ್‌ನಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ನಡೆಯುತ್ತಿತ್ತು. ಕೋಚ್ ನಮ್ಮ ರಾಹುಲ್ ದ್ರಾವಿಡ್. ಭಾರತ 26ರಂದು ಕ್ವಾರ್ಟರ್ ಫೈನಲ್ ಗೆದ್ದಿತ್ತು, 30ರಂದು ಪಾಕಿಸ್ತಾನದ ಜೊತೆ ಸೆಮಿಫೈನಲ್ ಇತ್ತು. ಎರಡರ ನಡುವೆ ಇಲ್ಲಿ ಸುತ್ತಿಗೆ ಬೀಳುತ್ತಿತ್ತು. ಆ ತಂಡದಲ್ಲಿ ನಾಲ್ವರು ವೇಗಿಗಳಿದ್ದರು.

ರಾಜಸ್ಥಾನದ ಬಾಡಮೇರ್ ಕಡೆಯ ಕಮಲೇಶ್ ನಾಗರಕೋಟಿ ಗಂಟೆಗೆ 145 ಕಿ.ಮೀ. ದಾಟಿ ಎಸೆದಿದ್ದರು. ಕೋಲ್ಕತ್ತ ನೈಟ್ ರೈಡರ್ಸ್ 3.2 ಕೋಟಿ ಕೊಟ್ಟಿತು. ಉತ್ತರ ಪ್ರದೇಶದ ಶಿವಂ ಮಾವಿಗೂ ಅಂಥದೇ ವೇಗವಿತ್ತು. ಅದೇ ತಂಡ 3 ಕೋಟಿಗೆ ಕೊಂಡಿತು. ಇಬ್ಬರ ಮೂಲ ಬೆಲೆ 20 ಲಕ್ಷ.

ಬಂಗಾಳದ ಇಶಾನ್ ಪೊರೆಲ್ ಅವರನ್ನು ಯಾವ ತಂಡವೂ ಕೊಳ್ಳಲಿಲ್ಲ. ಎರಡು ದಿನ ಕಳೆದು ನಡೆದ ಸೆಮಿಫೈನಲ್‌ನಲ್ಲಿ ಅವರು 17 ರನ್ನಿಗೆ 4 ವಿಕೆಟ್ ಕಿತ್ತರು, ಪಾಕಿಸ್ತಾನ 69ಕ್ಕೆ ಮುಗಿಯಿತು. ಹರಾಜು ಮೂರು ದಿನ ತಡವಾಗಿ ನಡೆದಿದ್ದರೆ ಅವರ ಬೆಲೆಯೇ ಬೇರೆಯಾಗುತ್ತಿತ್ತೇನೋ.

ನಾಲ್ಕನೆಯವರು ಪಂಜಾಬಿನ ಎಡಗೈ ಬೌಲರ್. ಆಡಿದ್ದು ಎರಡೇ ಪಂದ್ಯ, ವೇಗ ಉಳಿದವರಿಗಿಂತ ಕಡಿಮೆ. ಅವರನ್ನೂ ಯಾರೂ ಕೊಳ್ಳಲಿಲ್ಲ. ಹೆಸರು ಅರ್ಷದೀಪ್ ಸಿಂಗ್.

ಮುಂದೇನಾಯಿತು? ನಾಗರಕೋಟಿ ಗಾಯದಿಂದ 2018 ಮತ್ತು 2019ರ ಎರಡೂ ಐಪಿಎಲ್ ತಪ್ಪಿಸಿಕೊಂಡರು. ಮಾವಿ ಬೆನ್ನಿನ ಗಾಯದಿಂದ 2019ರಲ್ಲಿ ಆಡಲಿಲ್ಲ. 2023ರ ಜನವರಿಯಲ್ಲಿ ಭಾರತದ ಪರ ಮೊದಲ ಟಿ20 ಪಂದ್ಯದಲ್ಲೇ 22 ರನ್ನಿಗೆ 4 ವಿಕೆಟ್ ಪಡೆದರಾದರೂ ಗಾಯಗಳು ಬೆನ್ನು ಬಿಡಲಿಲ್ಲ. ಪೊರೆಲ್‌ಗೆ ಐಪಿಎಲ್‌ನಲ್ಲಿ ಹೆಚ್ಚು ಅವಕಾಶ ಸಿಗಲಿಲ್ಲ. ಅರ್ಷದೀಪ್ ಅವರನ್ನು 2018ರ ಡಿಸೆಂಬರ್‌ನಲ್ಲಿ ಪಂಜಾಬ್ ತಂಡ 20 ಲಕ್ಷಕ್ಕೆ ಕೊಂಡಿತು. 2024ರ ಟಿ20 ವಿಶ್ವಕಪ್‌ನಲ್ಲಿ ಅವರಿಗೆ 17 ವಿಕೆಟ್. ಆ ವರ್ಷದ ಹರಾಜಿನಲ್ಲಿ 18 ಕೋಟಿ. 2025ರಲ್ಲಿ ಅಂತರರಾಷ್ಟ್ರೀಯ ಟಿ20ಯಲ್ಲಿ ನೂರು ವಿಕೆಟ್ ಪಡೆದ ಮೊದಲ ಭಾರತೀಯ.

ಈ ಕಥೆಗೆ ಕನ್ನಡಿಗನೊಬ್ಬನ ಪಾತ್ರವೂ ಸೇರುತ್ತದೆ. ನಾಗರಕೋಟಿ ಗಾಯಗೊಂಡಾಗ ಅವರ ಬದಲಿಗೆ ಕೋಲ್ಕತ್ತ ತಂಡ ಕರೆದದ್ದು ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರನ್ನು. ಆಗ ಅವರಿಗೆ 22 ವರ್ಷ. 2015ರಲ್ಲಿ ಮೈಸೂರಿನಲ್ಲಿ ಬಾಂಗ್ಲಾದೇಶ 'ಎ' ವಿರುದ್ಧ ಕರ್ನಾಟಕಕ್ಕೆ ಮೊದಲ ಪಂದ್ಯ ಆಡಿ ಐದು ವಿಕೆಟ್ ಪಡೆದಿದ್ದರೂ ಅವರು ಹರಾಜಿನಿಂದ ತಂಡ ಸೇರಿರಲಿಲ್ಲ. ಬದಲಿಯಾಗಿ ಹೋದವರು ತಂಡದಲ್ಲಿ ಉಳಿದರು. 2022ರಲ್ಲಿ ರಾಜಸ್ಥಾನ 10 ಕೋಟಿ ಕೊಟ್ಟಿತು. ಅವರಿಗೂ ಬೆನ್ನುಮೂಳೆಯ ಬಿರುಕು ಬಂತು, ಪೂರ್ತಿ ಋತುಗಳು ಕೈತಪ್ಪಿದವು. 2025ರ ಐಪಿಎಲ್‌ನಲ್ಲಿ ಗುಜರಾತ್ ಪರ 25 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ಗೆದ್ದಾಗ ಅವರಿಗೆ 29 ವರ್ಷ.

ಅಮೆರಿಕದವರ ಅನುಭವ

ಶಾಲಾ ಹುಡುಗರ ತೋಳಿಗೆ ಬೆಲೆ ಕಟ್ಟುವುದರಲ್ಲಿ ನಮಗಿಂತ ಹಳಬರು ಅಮೆರಿಕದ ಬೇಸ್‌ಬಾಲ್ ತಂಡಗಳು. ಅಲ್ಲಿ ನಮ್ಮ ಬೌಲರ್ ಜಾಗದಲ್ಲಿ ಪಿಚರ್ ಇರುತ್ತಾನೆ. ಅವನು ಮೊಣಕೈ ಮಡಚಿ ಎಸೆಯಬಹುದು, ಚೆಂಡು ನೆಲಕ್ಕೆ ಪುಟಿಯಬೇಕಿಲ್ಲ. 1965ರಿಂದ ಅಲ್ಲಿ ಡ್ರಾಫ್ಟ್ ನಡೆಯುತ್ತಿದೆ. ಹರಾಜಿನಲ್ಲಿ ಹೆಚ್ಚು ದುಡ್ಡು ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. 2022ರಲ್ಲಿ ಕೆಎಸ್‌ಸಿಎ ಮಹಾರಾಜ ಟ್ರೋಫಿ ಶುರುವಾದಾಗ ಇಲ್ಲೂ ಮೊದಲು ಡ್ರಾಫ್ಟ್ ಪದ್ಧತಿಯನ್ನೇ ಅನುಸರಿಸಲಾಯಿತು.

ಅಮೆರಿಕದ ಡ್ರಾಫ್ಟ್‌ನ ಇಷ್ಟು ವರ್ಷಗಳಲ್ಲಿ ದೇಶಕ್ಕೇ ಮೊದಲಿಗರಾಗಿ ಆಯ್ಕೆಯಾದ ಹೈಸ್ಕೂಲ್ ಪಿಚರ್‌ಗಳು ಮೂವರೇ. 1973ರಲ್ಲಿ ಡೇವಿಡ್ ಕ್ಲೈಡ್. ಶಾಲೆ ಮುಗಿದು ತಿಂಗಳೂ ಆಗುವ ಮೊದಲೇ ಟೆಕ್ಸಸ್ ತಂಡ ಅವರನ್ನು ದೊಡ್ಡ ಲೀಗ್‌ನಲ್ಲಿ ಇಳಿಸಿತು. ಮೈದಾನ ತುಂಬಿತು, ಟಿಕೆಟ್ ದುಡ್ಡು ಬಂತು. ತೋಳು ಕೆಟ್ಟು ಇಪ್ಪತ್ತರ ನಡುವಯಸ್ಸಿನಲ್ಲೇ ಅವರ ಆಟ ಮುಗಿಯಿತು. ಗೆದ್ದ ಪಂದ್ಯಗಳು 18. 1991ರಲ್ಲಿ ಬ್ರಯನ್ ಟೇಲರ್‌ಗೆ ನ್ಯೂಯಾರ್ಕ್ ಯಾಂಕೀಸ್ 15.5 ಲಕ್ಷ ಡಾಲರ್ ಕೊಟ್ಟಿತು. ಎರಡು ವರ್ಷದ ನಂತರ ಹೊಡೆದಾಟವೊಂದರಲ್ಲಿ ಭುಜ ಹೋಯಿತು. 2014ರಲ್ಲಿ ಬ್ರೇಡಿ ಏಕನ್. ವೈದ್ಯಕೀಯ ಪರೀಕ್ಷೆಯಲ್ಲಿ ಮೊಣಕೈ ಬಗ್ಗೆ ಅನುಮಾನ ಬಂದು ತಂಡದ ಜೊತೆ ಒಪ್ಪಂದವೇ ಆಗಲಿಲ್ಲ, ಮರುವರ್ಷ ಶಸ್ತ್ರಚಿಕಿತ್ಸೆಯಾಯಿತು. ಟೇಲರ್, ಏಕನ್ ಇಬ್ಬರೂ ದೊಡ್ಡ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ.

2006ರಲ್ಲಿ ಕ್ಲೇಟನ್ ಕರ್ಷಾ ಎಂಬ ಹೈಸ್ಕೂಲ್ ಹುಡುಗನನ್ನು ಮೊದಲ ಆರು ತಂಡಗಳು ಬಿಟ್ಟುಬಿಟ್ಟವು. ಏಳನೆಯವನಾಗಿ ಆಯ್ಕೆಯಾದ ಆತ ಈ ಕಾಲದ ಅತಿ ದೊಡ್ಡ ಪಿಚರ್‌ಗಳಲ್ಲಿ ಒಬ್ಬನಾದ. ನೂರಾರು ಪರಿಣತರು, ಕ್ಯಾಮೆರಾ, ವೈದ್ಯರು ಎಲ್ಲ ಇದ್ದೂ ಆದ ಕಥೆ ಇದು.

ಅದೇ ಅಮೆರಿಕದವರು 2008ರಲ್ಲಿ ಭಾರತದಲ್ಲೂ ತೋಳು ಹುಡುಕಿದರು. 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆಯಲ್ಲಿ ಜಾವೆಲಿನ್ ಎಸೆಯುತ್ತಿದ್ದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. ಇಬ್ಬರೂ ದೊಡ್ಡ ಲೀಗ್‌ವರೆಗೆ ಹೋಗಲಿಲ್ಲ.

ಅಳೆಯಲು ಆಗದ್ದು

ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಇಷ್ಟರಿಂದ ಗೊತ್ತಾಗುತ್ತದೆ. ವೇಗವನ್ನು ಯಂತ್ರ ಅಳೆಯುತ್ತದೆ, ಎತ್ತರವನ್ನು ಟೇಪ್ ಅಳೆಯುತ್ತದೆ. ಆ ದೇಹ ಇನ್ನೂ ಏಳೆಂಟು ವರ್ಷ ತಡೆಯುತ್ತದೆಯೇ ಎಂದು ಹೇಳುವ ಯಂತ್ರವಿಲ್ಲ. ವೇಗಿ ಚೆಂಡು ಬಿಡುವಾಗ ಮುಂಗಾಲ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಸೊಂಟದ ಭಾಗದ ಬೆನ್ನುಮೂಳೆ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಹಾಗಾಗಿ ಬಿರುಕು ಹೆಚ್ಚಾಗಿ ಕಾಣಿಸುವುದು ಹದಿಹರೆಯದ ಮತ್ತು ಇಪ್ಪತ್ತರ ಆಸುಪಾಸಿನ ವೇಗಿಗಳಲ್ಲೇ. ನಾವು ಬೆಲೆ ಕಟ್ಟುವುದೂ ಅದೇ ವಯಸ್ಸಿನಲ್ಲಿ.

ಇದಕ್ಕಾಗಿ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಬಹುಕಾಲ ಒಂದು ಮಿತಿ ಇಟ್ಟಿತ್ತು. 13ರೊಳಗಿನ ವೇಗಿ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 14, 15ರವರಿಗೆ 6 ಮತ್ತು 12. 16ರಿಂದ 19ರವರಿಗೆ 7 ಮತ್ತು 18. ನಮ್ಮ ಊರಿನ ಟೂರ್ನಮೆಂಟ್‌ಗಳಲ್ಲಿ ಒಬ್ಬನೇ ಹುಡುಗ ಭಾನುವಾರ ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಒಂದು, ರಾತ್ರಿ ಲೈಟಿನಲ್ಲಿ ಇನ್ನೊಂದು ಆಡುತ್ತಾನೆ. ಮೂರೂ ಸೇರಿಸಿ ಅವನು ಎಷ್ಟು ಓವರ್ ಹಾಕಿದ ಎಂದು ಯಾರೂ ಬರೆದಿಡುವುದಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು ಇದ್ದರೆ ಆಗುವ ಕೆಲಸ ಇದು. ಸೊಂಟ ನೋಯುತ್ತದೆ ಎಂದು ಹುಡುಗ ಹೇಳಿದರೆ ಮುಲಾಮು ಹಚ್ಚಿ ಮತ್ತೆ ಇಳಿಸಬೇಡಿ, ವೈದ್ಯರಿಗೆ ತೋರಿಸಿ.

ಎರಡನೆಯದು, ತಡವಾಗಿ ಬರುವವರ ವಿಷಯ. ನಮ್ಮ ಗಡಿಯಾಚೆ ಸೇಲಂ ಬಳಿಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಇಪ್ಪತ್ತರವರೆಗೆ ಟೆನಿಸ್ ಚೆಂಡಿನಲ್ಲೇ ಆಡಿದವರು. 2017ರಲ್ಲಿ ಪಂಜಾಬ್ ತಂಡ 3 ಕೋಟಿಗೆ ಕೊಂಡಿತು, ಮುಂದೆ ಭಾರತಕ್ಕೂ ಆಡಿದರು. ಹಾಕಿಯ ನಾಡು ಕೊಡಗಿನಿಂದ ಬಂದ ವಿದ್ವತ್ ಕಾವೇರಪ್ಪ ಅವರನ್ನು ಐಪಿಎಲ್ ತಂಡ ಕೊಂಡದ್ದು 20 ಲಕ್ಷಕ್ಕೆ. 2023ರ ಜುಲೈಯಲ್ಲಿ ಚಿನ್ನಸ್ವಾಮಿ ಮೈದಾನದ ದುಲೀಪ್ ಟ್ರೋಫಿ ಫೈನಲ್‌ನಲ್ಲಿ ಅವರು 53 ರನ್ನಿಗೆ 7 ವಿಕೆಟ್ ಪಡೆದು ದಕ್ಷಿಣ ವಲಯವನ್ನು ಗೆಲ್ಲಿಸಿದರು. ಆಗ ಅವರಿಗೆ 24.

ಇವರೆಲ್ಲ ಉಳಿದದ್ದು ಹದಿನೆಂಟು ದಾಟಿದ ಮೇಲೂ ಆಡಲು ಒಂದು ಜಾಗ ಸಿಕ್ಕಿದ್ದಕ್ಕೆ. ಲೀಗ್, ವಲಯದ ಪಂದ್ಯ, ರಣಜಿಯ ಉದ್ದದ ದಿನಗಳು, ಬದಲಿಯಾಗಿ ಬಂದ ಒಂದು ಕರೆ. ಹಿಂದೆ ಕಾರ್ಖಾನೆಗಳು ಕೊಡುತ್ತಿದ್ದ ಅಂಥ ಜಾಗ ಈಗ ಕಡಿಮೆಯಾಗಿದೆ. ಐಟಿ ಕಟ್ಟಡಗಳ ನೆರಳಿನಲ್ಲಿ, ಪೀಣ್ಯದ ಶೆಡ್‌ಗಳ ಹಿಂದಿನ ಖಾಲಿ ಸೈಟುಗಳಲ್ಲಿ ಟೆನಿಸ್ ಚೆಂಡು ಹಾರಾಡುವುದು ನಿಂತಿಲ್ಲ. ಆದರೆ ಶಿಫ್ಟ್ ಮುಗಿಸಿ ಬಂದು ಬೌಲ್ ಮಾಡುವ ಹುಡುಗನಿಗೂ ಆಲೂರಿನ ಮೈದಾನಕ್ಕೂ ನಡುವೆ ಹಿಂದೆ ಇದ್ದ ಮೆಟ್ಟಿಲು ಇಲ್ಲ.

ಅದಕ್ಕೇ ಮನೆಯವರಿಗೆ ನಮ್ಮ ಮಾತು ಇಷ್ಟು. ಬೆಂಗಳೂರು ಒಂದೇ ದಾರಿಯಲ್ಲ. ಕೆಎಸ್‌ಸಿಎಗೆ ಮೈಸೂರು, ತುಮಕೂರು, ಶಿವಮೊಗ್ಗ, ಧಾರವಾಡ, ರಾಯಚೂರು, ಮಂಗಳೂರು ವಲಯಗಳಿವೆ. ಮೊದಲು ಹತ್ತಿರದ ನೋಂದಾಯಿತ ಕ್ಲಬ್ ವಿಚಾರಿಸಿ. ಹುಟ್ಟಿದ ದಿನಾಂಕದ ದಾಖಲೆ ಸರಿಯಾಗಿರಲಿ, ವಯಸ್ಸು ತಿದ್ದಿದ್ದು ಮೂಳೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ದುಡ್ಡು ಕೊಟ್ಟರೆ ಆಯ್ಕೆ ಮಾಡಿಸುತ್ತೇನೆ ಎನ್ನುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಹುಡುಗನ ಓದು ನಿಲ್ಲಿಸಬೇಡಿ. ಹದಿನೇಳಕ್ಕೆ ಆಯ್ಕೆಯಾಗಲಿಲ್ಲ ಎಂದು ಅವನ ಕಿಟ್ ಮಾರಬೇಡಿ. ಹದಿನೇಳಕ್ಕೇ ಆಯ್ಕೆಯಾದರೆ ಅವನ ಬೆನ್ನನ್ನು ಇನ್ನೂ ಜಾಸ್ತಿ ಕಾಯಿರಿ.